ಗಾಡಿ ಹೋಯ್ತು ಅಂದರೆ ಕರೆಂಟು ಹೋಯ್ತು

ಮಾನ್ಯ ವಿದ್ಯುತ್ ಇಲಾಖೆಯ ಅಧಿಕಾರಿಗಳೇ,

ನಮ್ಮ ಸ್ಟೇಷನ್ ರಸ್ತೆಯ ಹದಿನೇಳು ಕಂಬಗಳು ಯಾರವು? ನನ್ನದು ಇದೊಂದೇ ಪ್ರಶ್ನೆ. ನಿಮ್ಮ ಕಚೇರಿಯಲ್ಲಿ ಕೇಳಿದರೆ ರೈಲ್ವೆಯವು ಎನ್ನುತ್ತಾರೆ. ರೈಲ್ವೆಯವರನ್ನು ಕೇಳೋಣವೆಂದರೆ ಗಡಿಯ ಗೇಟು ಮುಚ್ಚಿ, ರೈಲು ನಿಂತು ಮೂವತ್ತು ವರ್ಷವಾಯಿತು. ಟಿಕೆಟ್ ಕಿಟಕಿಯಲ್ಲಿ ಈಗ ಪಾರಿವಾಳಗಳಿವೆ. ಅವು ಅರ್ಜಿ ಸ್ವೀಕರಿಸುವುದಿಲ್ಲ.

ಸ್ವಲ್ಪ ಚರಿತ್ರೆ ಹೇಳುತ್ತೇನೆ, ಬೇಸರಿಸಬೇಡಿ. ಈ ಗಡಿ ಊರಿಗೆ ಕರೆಂಟು ತಂದದ್ದು ನಿಮ್ಮ ಇಲಾಖೆಯಲ್ಲ, ರೈಲು. ಸ್ಟೇಷನ್ನಿನ ದೀಪಕ್ಕೆಂದು ರೈಲ್ವೆಯವರು ಸಣ್ಣದೊಂದು ಪವರ್‌ಹೌಸ್ ಕಟ್ಟಿದರು. ಸವೆದ ಹಳಿಗಳನ್ನೇ ಕಂಬವಾಗಿ ನೆಟ್ಟು ನಮ್ಮ ರಸ್ತೆಗೂ ತಂತಿ ಎಳೆದರು. ಅಲ್ಲಿ ಸ್ವಿಚ್ಚು ಹಾಕುತ್ತಿದ್ದವರು ನಮ್ಮಪ್ಪ. ಗಡಿಯಾಚೆಯಿಂದ ಗಾಡಿ ಬರುವ ಅರ್ಧ ಗಂಟೆ ಮುಂಚೆ ಯಂತ್ರ ಶುರು, ಗಾಡಿ ಹೋದ ಮೇಲೆ ಬಂದ್. ಹಾಗಾಗಿ ನಮ್ಮ ರಸ್ತೆಯಲ್ಲಿ ಕರೆಂಟಿಗೆ ಗಾಡಿ ಎಂದೇ ಹೆಸರು. ಬಲ್ಬು ಹತ್ತಿದರೆ ‘ಗಾಡಿ ಬಂತು’, ಆರಿದರೆ ‘ಗಾಡಿ ಹೋಯ್ತು’. ರೈಲು ನಿಂತ ಮೇಲೆ ನೀವು ಬಂದಿರಿ. ಹೊಸ ಕಂಬದ ತಾಪತ್ರಯ ಯಾರಿಗೆ ಬೇಕೆಂದು ಅದೇ ಹಳಿಗಳಿಗೆ ನಿಮ್ಮ ತಂತಿ ಕಟ್ಟಿ ಹೋದಿರಿ. ಕಂಬ ಬದಲಾಗಲಿಲ್ಲ, ನಮ್ಮ ಮಾತೂ ಬದಲಾಗಲಿಲ್ಲ.

ಹೋದ ತಿಂಗಳು ಒಂದು ಮಧ್ಯಾಹ್ನ ನಮ್ಮ ಮನೆಯ ಕರೆಂಟು ಹೋಯಿತು. ನಾನು ಮೋಟಾರು ವೈಂಡಿಂಗ್ ಮಾಡುವವನು, ಅಂಗಡಿಯಲ್ಲಿದ್ದೆ. ಮನೆಯಲ್ಲಿ ನನ್ನಕ್ಕ ಒಬ್ಬಳೇ, ಉಸಿರಾಟದ ಯಂತ್ರ ಹಾಕಿಕೊಂಡು ಮಲಗಿದ್ದಳು. ಯಂತ್ರ ನಿಂತ ಗಾಬರಿಗೆ ನಿಮ್ಮ ದೂರಿನ ನಂಬರಿಗೆ ಫೋನು ಮಾಡಿ, ಏದುಸಿರಲ್ಲೇ, “ಸ್ಟೇಷನ್ ರೋಡಲ್ಲಿ ಗಾಡಿ ಹೋಯ್ತಪ್ಪಾ, ಬೇಗ ಕಳ್ಸಿ” ಎಂದಳಂತೆ. ನಿಮ್ಮ ಗುಮಾಸ್ತರು ದೂರಿನ ಪುಸ್ತಕದಲ್ಲಿ ಬರೆದದ್ದನ್ನು ನಾನೇ ಓದಿದ್ದೇನೆ: ‘ರೈಲು ತಪ್ಪಿಸಿಕೊಂಡ ಮಹಿಳೆ. ನಮಗೆ ಸಂಬಂಧಿಸಿದ್ದಲ್ಲ.’ ಕೈಬರಹ ಮಾತ್ರ ಮುತ್ತಿನಂತಿದೆ. ರೈಲೇ ಇಲ್ಲದ ಊರಿನಲ್ಲಿ ರೈಲು ತಪ್ಪುವುದು ಹೇಗೆಂದು ಅವರಿಗೆ ಒಂದು ಕ್ಷಣವಾದರೂ ಅನಿಸಬೇಡವೇ?

ನಾನು ಮನೆಗೆ ಬರುವಷ್ಟರಲ್ಲಿ ಅಕ್ಕನ ತುಟಿ ನೀಲಿಯಾಗಿತ್ತು. ಅವಳನ್ನು ಆಸ್ಪತ್ರೆಗೆ ಸೇರಿಸಿ ಬಂದು ನಿಮ್ಮ ಲೈನ್‌ಮನ್‌ನ ಕಾಲು ಹಿಡಿದೆ. ಪಾಪ, ಬಂದರು. ನಮ್ಮನೆ ಮುಂದಿನ ಕೊನೆಯ ಕಂಬಕ್ಕೆ ಏಣಿ ಒರಗಿಸಿ, ಅದರ ಮೇಲಿದ್ದ ರೈಲ್ವೆ ಮುದ್ರೆ ಕಂಡು ಏಣಿ ತೆಗೆದರು. “ಇದು ನಮ್ದಲ್ಲಣ್ಣ. ಮುಟ್ಟಿದ್ರೆ ನನ್ ಕೆಲ್ಸ ಹೋಗುತ್ತೆ” ಎಂದರು. ತುಂಡಾದ ತಂತಿ ಕೆಳಗಿನಿಂದಲೇ ಕಾಣುತ್ತಿತ್ತು. ಹತ್ತು ನಿಮಿಷದ ಕೆಲಸ. ನಾನೇ ಹತ್ತಬಹುದಿತ್ತು. ಹತ್ತಿದ್ದರೆ ಕೇಸು ಹಾಕುವ ಹೊತ್ತಿಗೆ ಆ ಕಂಬ ತಪ್ಪದೆ ನಿಮ್ಮದಾಗುತ್ತಿತ್ತು.

ಇವತ್ತಿಗೆ ಇಪ್ಪತ್ತಾರು ದಿನ. ಅರ್ಜಿ ಬರೆದು ಬರೆದು ಸಾಕಾಗಿದೆ ಸ್ವಾಮಿ, ಕೋಪ ಮಾಡಿಕೊಳ್ಳಲೂ ತ್ರಾಣವಿಲ್ಲ. ಪರಿಹಾರ ಬೇಡ, ಗುಮಾಸ್ತರಿಗೆ ಶಿಕ್ಷೆಯೂ ಬೇಡ. ‘ಈ ಹದಿನೇಳು ಕಂಬ ನಮ್ಮವು’ ಎಂದು ಒಂದು ಸಾಲು ಬರೆದು ಸಹಿ ಹಾಕಿ, ಸಾಕು. ಮನೆಯಲ್ಲಿ ಕರೆಂಟಿದ್ದರೆ ಅಕ್ಕನನ್ನು ಕರೆದುಕೊಂಡು ಹೋಗಬಹುದೆಂದು ಡಾಕ್ಟರು ಹೇಳಿ ವಾರವಾಯಿತು. ನಾನು ವಾರ್ಡಿನ ಬಾಗಿಲಲ್ಲಿ ಕಾಣುತ್ತಿದ್ದಂತೆ ಅವಳು ಮಾಸ್ಕು ಸರಿಸಿ ಕೇಳುತ್ತಾಳೆ: “ಗಾಡಿ ಬಂತೇನೋ?”

ಪಕ್ಕದ ಹಾಸಿಗೆಯವರು ಅವಳಿಗೆ ಎಲ್ಲಿಗೋ ಪ್ರಯಾಣವಿದೆ ಎಂದುಕೊಂಡಿದ್ದಾರೆ. ಅವಳು ಆ ಪ್ರಯಾಣ ಹೊರಡದಂತೆ ನೋಡಿಕೊಳ್ಳಿ.

ಇಂತಿ,
ಸ್ವಿಚ್ಚು ಹಾಕುತ್ತಿದ್ದವರ ಮಗ,
ಹದಿನೇಳನೇ ಕಂಬದ ಕೆಳಗಿನಿಂದ