ಐವತ್ತಮೂರಕ್ಕೋ, ಐವತ್ತೆಂಟಕ್ಕೋ

ನರಸಿಂಹರಾಜಪುರ
೧೪-೯-೨೦೨೫, ಭಾನುವಾರ

ಕಾವ್ಯ, ಶಿಶಿರರ ಅಪ್ಪನವರಿಗೆ,

ನಮಸ್ಕಾರ. ಮೇಲಿನ ಆ ಒಂದು ಸಾಲು ಬರೆಯುವುದಕ್ಕೇ ಹತ್ತು ನಿಮಿಷ ಹಿಡಿಯಿತು. 'ಪ್ರೀತಿಯ' ಅಂತ ಬರೆದರೆ ನಾಟಕ ಮಾಡಿದ ಹಾಗೆ, ಬರೆಯದಿದ್ದರೆ ಜಗಳಕ್ಕೆ ನಿಂತ ಹಾಗೆ. ಕೊನೆಗೆ ಮಕ್ಕಳನ್ನು ಮುಂದೆ ಬಿಟ್ಟೆ. ಮೂರು ವರ್ಷದಿಂದ ನಾವಿಬ್ಬರೂ ಮಾಡುತ್ತಿರುವುದು ಅದನ್ನೇ ಅಲ್ಲವೇ?

ನೀವು ಕಳಿಸಿದ ಲಕೋಟೆ ಹೋದ ಸೋಮವಾರ ಕೈಸೇರಿತು. ಪೆನ್ಷನ್ ಫಾರಂ ಇತ್ತು, ಜೊತೆಗೆ ಒಂದು ಚೀಟಿ. ಎಸ್ಟೇಟಿನ ಕೆಲಸ ಬಿಡುತ್ತಿದ್ದೇನೆ, ಪೆನ್ಷನ್ ಈಗಲೇ ತೆಗೆದುಕೊಳ್ಳುತ್ತೇನೆ, ಅದಕ್ಕೆ ಗಂಡ ಹೆಂಡತಿಯ ಜೋಡಿ ಫೋಟೋ ಬೇಕಂತೆ, ಒಂದು ದಿನ ಕೊಪ್ಪಕ್ಕೆ ಬಾ, ನಾಳೆ ನನಗೆ ಏನಾದರೂ ಆದರೆ ಮಕ್ಕಳಿಗೆ ಅಂತ ಇರಲಿ. ಇಷ್ಟೇ. ಮೂರು ವರ್ಷದ ಮೇಲೆ ಬಂದ ಮೊದಲ ಕಾಗದದಲ್ಲಿ 'ಹೇಗಿದ್ದೀಯ' ಅನ್ನುವ ಒಂದು ಮಾತಿಲ್ಲ. ಇರಲಿ ಬಿಡಿ.

ನನ್ನ ಬುದ್ಧಿ ನಿಮಗೆ ಗೊತ್ತಲ್ಲ. ಮದುವೆಯಾದ ಹೊಸತರಲ್ಲಿ ನೀವೇ ನನಗೆ ಸಿ.ಐ.ಡಿ. ಅಂತ ಹೆಸರಿಟ್ಟಿದ್ದಿರಿ. ಐವತ್ತೆಂಟಕ್ಕೆ ಪೂರ್ತಿ ಬರುವ ಪೆನ್ಷನ್ನನ್ನು ಈ ಮನುಷ್ಯ ಐವತ್ತಮೂರಕ್ಕೇ ಯಾಕೆ ಕೇಳುತ್ತಿದ್ದಾರೆ? ಇದು ತಲೆಗೆ ಹೊಕ್ಕ ಮೇಲೆ ಊಟ ಸೇರಲಿಲ್ಲ ಎಂದರೆ ಸುಳ್ಳು, ಚೆನ್ನಾಗಿಯೇ ಉಂಡೆ. ಆದರೆ ಶಾಲೆಯ ಬಿಸಿಯೂಟದ ಸಾರಿಗೆ ಎರಡು ಸಲ ಉಪ್ಪು ಹಾಕಿ ಹೆಡ್‌ಮಾಸ್ಟರ ಕೈಲಿ ಬೈಸಿಕೊಂಡೆ.

ಮೊದಲು ಏನು ಅಂದುಕೊಂಡೆ ಅಂತ ನಾಚಿಕೆ ಬಿಟ್ಟು ಹೇಳುತ್ತೇನೆ. ಇನ್ಯಾರೋ ಸಿಕ್ಕಿರಬೇಕು, ಅವಳ ಜೊತೆ ಹೊಸ ಸಂಸಾರ ಹೂಡುವ ಅವಸರ ಅಂತ. ಆ ರಾತ್ರಿ ನಿಮ್ಮನ್ನು ಮನಸ್ಸಿನಲ್ಲೇ ಬಾಯಿಗೆ ಬಂದಂತೆ ಬೈದೆ. ಬೆಳಗಾದ ಮೇಲೆ ನನಗೇ ನಗು ಬಂತು. ಹೊಸಬಳನ್ನು ಕಟ್ಟಿಕೊಳ್ಳುವವನು ಹಳೆಯವಳ ಜೊತೆ ಫೋಟೋ ತೆಗೆಸಲು ಕರೆಯುತ್ತಾನೆಯೇ?

ಮರುದಿನ ಶಾಲೆ ಬಿಟ್ಟ ಮೇಲೆ ಕೊಪ್ಪಕ್ಕೆ ಹೋದೆ. ನಿಮ್ಮ ಎಸ್ಟೇಟಿನಲ್ಲಿ ಹಿಂದೆ ಲೆಕ್ಕ ಬರೆಯುವ ರೈಟರಾಗಿದ್ದ ಧರ್ಮಪ್ಪನವರು ಈಗ ಅಲ್ಲೇ ಮಗಳ ಮನೆಯಲ್ಲಿ ಇದ್ದಾರೆ. ನನ್ನ ವಿಷಯ ಅಂತ ಹೇಳದೆ, ಪಕ್ಕದ ಮನೆಯವಳ ಗಂಡನಿಗೆ ಹೀಗೀಗೆ ಅಂತ ಶುರು ಮಾಡಿದೆ. ಅವರು ಕನ್ನಡಕ ಒರೆಸಿಕೊಂಡು ಎಲ್ಲವನ್ನೂ ಬಿಡಿಸಿ ಹೇಳಿದರು. ಮುಂಚೆ ತೆಗೆಯುವ ಒಂದೊಂದು ವರ್ಷಕ್ಕೂ ನೂರಕ್ಕೆ ನಾಲ್ಕರಂತೆ ಕಡಿತವಂತೆ. ಐದು ವರ್ಷ ಎಂದರೆ ಹತ್ತಿರ ಹತ್ತಿರ ಐದರಲ್ಲಿ ಒಂದು ಪಾಲು ಹೋಯಿತು. ಅದೂ ಐವತ್ತೆಂಟಕ್ಕೆ ಸರಿಹೋಗುವುದಿಲ್ಲ, ಬದುಕಿರುವಷ್ಟು ಕಾಲವೂ ಅಷ್ಟೇ ಕಡಿಮೆ. ಕೆಲಸ ಬಿಟ್ಟರೂ ಪೆನ್ಷನ್ನನ್ನು ಮುಟ್ಟದೆ ಹಾಗೇ ಇಡಬಹುದಂತೆ. ನಡುವೆ ಏನಾದರೂ ಆದರೆ ಹೆಂಡತಿ ಮಕ್ಕಳಿಗೆ ಬರುವುದು ಬಂದೇ ಬರುತ್ತದಂತೆ, ಅದಕ್ಕಾಗಿ ಈಗಲೇ ತೆಗೆಯಬೇಕು ಅಂತಿಲ್ಲ. ಎಲ್ಲ ಮುಗಿದು ನಾನು ಎದ್ದಾಗ, ಆ ಪಕ್ಕದ ಮನೆಯವ್ಳಿಗೆ ಹೇಳಮ್ಮ, ಲೋಕೇಶ ಕೆಲಸಗಳ್ಳ ಅಲ್ಲ, ಸುಮ್‌ಸುಮ್ನೆ ಬಿಡೋ ಜನ ಅಲ್ಲ ಮಾರಾಯ್ತಿ, ಎಂತದೋ ಇದೆ ಅಂತ ನೋಡು ಅಂದರು. ನನ್ನ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಎಂತದೋ ಇದೆ ಅಂತ ನನಗೂ ಖಾತ್ರಿಯಾಯಿತು. ಕಾಯಿಲೆಯಾ? ಕಾವ್ಯಳನ್ನು ಕೂರಿಸಿಕೊಂಡು, ಅಪ್ಪ ಫೋನಿನಲ್ಲಿ ಏನೇನು ಮಾತಾಡುತ್ತಾರೆ ಅಂತ ಕೇಳಿದೆ. ಅಪ್ಪಂಗೆ ನಾನು ಎಂತ ಹೇಳಿದ್ರೂ ಕೇರೇ ಇಲ್ಲಮ್ಮ ಅಂತ ಹುಡುಗಿ ಕಣ್ಣಲ್ಲಿ ನೀರು ತಂದುಕೊಂಡಳು. ಎಂಟನೇ ಕ್ಲಾಸಿಗೆ ಪ್ರವಾಸ ಇದೆ, ಹೋಗ್ಲಾ ಅಂತ ಕೇಳಿದರೆ ನೀವು ನಂದೂ ಊಟ ಆಯ್ತು ಅಂದಿರಂತೆ. ಶಿಶಿರ ಹಲ್ಲು ಬಿತ್ತು ಅಂದರೆ ಚೆನ್ನಾಗಿ ಓದು ಅಂದಿರಂತೆ. ಶಿಶಿರನಿಗೆ ಅದು ದೊಡ್ಡ ತಮಾಷೆ, ಬಿದ್ದು ಬಿದ್ದು ನಗುತ್ತಾನೆ. ನಾನು ನಗಲಿಲ್ಲ. ಆರು ತಿಂಗಳಿಂದ ನೀವಾಗಿ ಫೋನು ಮಾಡಿಲ್ಲ, ಮಾಡುವುದೆಲ್ಲ ಮಕ್ಕಳೇ ಅನ್ನುವುದು ಆಗ ಲೆಕ್ಕಕ್ಕೆ ಸಿಕ್ಕಿತು. ಫೋನಿನಲ್ಲಿ ಎರಡು ಮಾತಿಗೆ ಮುಗಿಯುವುದನ್ನು ಯಾರಾದರೂ ಅಂಚೆಗೆ ಹಾಕುತ್ತಾರೆಯೇ?

ಅದಕ್ಕೇ ಗುರುವಾರ ರಜೆ ಹಾಕಿ ಜಯಪುರಕ್ಕೆ ಬಂದಿದ್ದೆ. ಹೌದು, ಬಂದಿದ್ದೆ. ನಿಮಗೆ ಹೇಳಿರಲಿಲ್ಲ. ಎಸ್ಟೇಟಿನ ರಸ್ತೆ ಹತ್ತುವಾಗ ನೀವೇ ಮುಂದೆ ಹೋಗುತ್ತಿದ್ದಿರಿ, ಕೊಡೆ ಕಂಕುಳಲ್ಲಿ ಇಟ್ಟುಕೊಂಡು, ರಸ್ತೆಯ ಮಧ್ಯದಲ್ಲಿ. ಹಿಂದೆ ಒಂದು ಪಿಕಪ್ ಗಾಡಿ ಹಾರ್ನ್ ಮಾಡಿತು, ಮತ್ತೆ ಮಾಡಿತು, ಬಿಡದೆ ಮಾಡಿತು. ನೀವು ಸರಿಯಲಿಲ್ಲ. ಡ್ರೈವರು ಇಳಿದು ಬಂದು ಭುಜ ಮುಟ್ಟಿದಾಗ ನೀವು ಬೆಚ್ಚಿಬಿದ್ದು ಕೈಮುಗಿದಿರಿ. ನಿಮ್ಮಂಥ ಗತ್ತಿನ ಮನುಷ್ಯ ಒಬ್ಬ ಡ್ರೈವರ್ ಹುಡುಗನಿಗೆ ಕೈಮುಗಿದದ್ದು ನೋಡಿ ನಾನು ರಸ್ತೆ ಬದಿಯ ಮರದ ಮರೆಗೆ ಸರಿದೆ. ನಿಮ್ಮ ಎದುರಿಗೆ ಬರುವ ಧೈರ್ಯವಾಗದೆ ಹಿಂದಕ್ಕೆ ಬಂದುಬಿಟ್ಟೆ.

ಅಂಗಡಿಯ ಹತ್ತಿರ ಗುರುವ ಸಿಕ್ಕಿದ. ನಿಮ್ಮ ಜೊತೆ ಅಷ್ಟು ವರ್ಷ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯಲ್ಲಿ ದುಡಿದವನು, ಅವನ ಮೇಲೆ ರೇಗಬೇಡಿ, ಕೆದಕಿ ಕೆದಕಿ ಕೇಳಿದವಳು ನಾನು. ಲೋಕೇಶಣ್ಣಂಗೆ ಕಿವಿ ಹೋಗಿ ಎಷ್ಟೋ ಕಾಲ ಆಯ್ತಲ್ಲ ಅಕ್ಕಾ, ಎದುರಿಗೆ ನಿಂತ್ರೆ ಬಾಯಿ ನೋಡಿ ತಿಳ್ಕೊಳ್ತಾರೆ, ನಿಮಗೆ ಗೊತ್ತಿಲ್ವಾ ಅಂದ. ಹೋದ ಕೊಯ್ಲಿನಲ್ಲಿ ಮೆಷಿನ್ನಿನ ಬೆಲ್ಟು ಕಿತ್ತುಬಂದಾಗ ಎಲ್ಲರೂ ಕೂಗಿಕೊಂಡರೂ ನೀವು ಕೈ ತೆಗೆಯಲಿಲ್ಲವಂತೆ, ಬೆರಳು ಉಳಿದದ್ದೇ ಹೆಚ್ಚಂತೆ. ಈ ಸಲ ಮೆಷಿನ್ ಹತ್ತಿರ ಬೇಡ ಅಂತ ಮ್ಯಾನೇಜರು ಹೇಳಿದ್ದಾರಂತೆ. ನರ್ಸರಿಯಲ್ಲಿ ಸಸಿಚೀಲಕ್ಕೆ ಮಣ್ಣು ತುಂಬಿಸುವ ಕೆಲಸ ಕೊಡುತ್ತೇವೆ ಅಂದರೆ, ಹೆಂಗಸರ ಜೊತೆ ಕೂತು ಮಣ್ಣು ತುಂಬಿಸುವುದಿಲ್ಲ, ಲೆಕ್ಕ ಚುಕ್ತಾ ಮಾಡಿ ಅಂದಿರಂತೆ!

ಅಷ್ಟು ಕೇಳಿದ ಮೇಲೆ ನನಗೆ ಬಂದದ್ದು ಸಿಟ್ಟು. ನಿಮ್ಮ ಕಿವಿಯ ಮೇಲಲ್ಲ, ಬಿಂಕದ ಮೇಲೆ. ಮಕ್ಕಳ ಶಾಲೆಗಾಗಿ ಪೇಟೆಗೆ ಹೋಗೋಣ ಅಂತ ನಾನು ಎಷ್ಟು ಸಲ ಹೇಳಿದೆ, ನೀವು ಗೋಡೆ ನೋಡಿಕೊಂಡು ಕೂರುತ್ತಿದ್ದಿರಿ. ಗೋಡೆಗೆ ಹೇಳಿದ ಹಾಗೆ ಅಂತ ಅತ್ತುಕೊಂಡೇ ನಾನು ಇಲ್ಲಿಗೆ ಬಂದೆ. ಒಂದು ಸಲ, ಒಂದೇ ಒಂದು ಸಲ, ನನಗೆ ಕೇಳುವುದಿಲ್ಲ ಕಣೆ ಅಂತ ಬಾಯಿಬಿಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು? ಬಸ್ಸಿನಲ್ಲಿ ಕೊಪ್ಪದವರೆಗೂ ಅಳುತ್ತಾ ಬಂದೆ. ಪಕ್ಕದ ಹೆಂಗಸು ಯಾರು ತೀರಿಕೊಂಡರು ಅಂತ ವಿಚಾರಿಸಿದಳು. ಯಾರೂ ತೀರಿಕೊಂಡಿಲ್ಲ, ಹೋದರು ಅಂದುಕೊಂಡವರು ಇನ್ನೂ ಇದ್ದಾರೆ ಅಂತ ಗೊತ್ತಾಯಿತು ಅಂದೆ. ಅವಳಿಗೆ ಏನು ಅರ್ಥವಾಯಿತೋ.

ಈಗ ನಾನು ಹೇಳುವುದನ್ನು ಓದಿ. ಓದುವುದಕ್ಕೆ ಕಿವಿ ಬೇಡವಲ್ಲ. ಪೆನ್ಷನ್ ಈಗ ತೆಗೆಯುವುದು ಬೇಡ. ನಿಮಗೆ ಐವತ್ತೆಂಟಾದಾಗ ಕಾವ್ಯಳಿಗೆ ಹದಿನೆಂಟು, ಶಿಶಿರನಿಗೆ ಹದಿಮೂರು. ನಿಜವಾದ ಖರ್ಚು ಶುರುವಾಗುವುದೇ ಆಗ. ಆ ಹೊತ್ತಿಗೆ ಐದರಲ್ಲಿ ಒಂದು ಪಾಲು ಕಳೆದುಕೊಂಡು ಕೂರುವುದು ಯಾವ ಜಾಣತನ? ನರ್ಸರಿಯ ಕೆಲಸಕ್ಕೆ ಒಪ್ಪಿಕೊಳ್ಳಿ. ಹೆಂಗಸರ ಜೊತೆ ಮಣ್ಣು ತುಂಬಿಸಿದರೆ ಕೈ ಸವೆಯುವುದಿಲ್ಲ, ನಾನು ತುಂಬಿಸಿಲ್ಲವೇ? ಅದಕ್ಕೂ ಮನಸ್ಸು ಒಗ್ಗದಿದ್ದರೆ ಬಿಟ್ಟು ಇಲ್ಲಿಗೆ ಬನ್ನಿ. ನನ್ನ ಸಂಬಳ ಸಣ್ಣದು, ಸಂಜೆ ಬಟ್ಟೆ ಹೊಲಿಯುವುದರಿಂದ ಒಂದಿಷ್ಟು ಬರುತ್ತದೆ. ಬಿಗಿ ಹಿಡಿದರೆ ಐದು ವರ್ಷ ನೂಕಬಹುದು. ಇದು ಕನಿಕರ ಅಲ್ಲ. ಕನಿಕರ ತೋರಿಸುವಷ್ಟು ಒಳ್ಳೆಯವಳು ನಾನಲ್ಲ ಅಂತ ನಿಮಗೇ ಗೊತ್ತು.

ಕಿವಿಯನ್ನೂ ತೋರಿಸೋಣ. ಕಿವಿಗೆ ಹಾಕುವ ಮೆಷಿನ್ ಸರ್ಕಾರದಿಂದ ಸಿಗುತ್ತದೆ ಅಂತ ನಮ್ಮ ಆಶಾ ಕಾರ್ಯಕರ್ತೆ ಹೇಳಿದ್ದಾಳೆ, ವಿಚಾರಿಸಿ ಇಟ್ಟಿದ್ದೇನೆ. ಮಕ್ಕಳಿಗೆ ನಾನು ಇನ್ನೂ ಹೇಳಿಲ್ಲ. ಹೇಳಬೇಕಾದವರು ನೀವು. ಅಪ್ಪನಿಗೆ ನಾನು ಬೇಡ ಅಂತ ಕಾವ್ಯ ಅಂದುಕೊಂಡಿದ್ದಾಳೆ, ಅದನ್ನು ತೆಗೆಯುವುದು ನನ್ನ ಕೈಲಾಗದ ಕೆಲಸ.

ಫಾರಂ ನನ್ನ ಹತ್ತಿರವೇ ಇದೆ, ವಾಪಸು ಕಳಿಸುವುದಿಲ್ಲ. ಹೊಸದು ತಂದು ಬೇರೆ ದಾರಿ ಹಿಡಿಯುವುದಾದರೆ ಹಿಡಿಯಿರಿ, ದುಡಿದವರು ನೀವು, ಕೊನೆಯ ಮಾತೂ ನಿಮ್ಮದೇ. ಆದರೆ ಈ ಸಲ ಉತ್ತರ ಬೇಕು. ಒಂದೇ ಸಾಲಾದರೂ ಸರಿ, ನಿಮ್ಮ ಕೈಬರಹದಲ್ಲಿ.

ಇಂತಿ,
ಇನ್ನೂ ನಿಮ್ಮ ಮನೆಯವಳೇ ಆಗಿರುವ
ರೇಖಾ

ತಾ.ಕ.: ಇಷ್ಟೆಲ್ಲ ಪತ್ತೆ ಮಾಡಿದವಳಿಗೆ ಒಂದು ಮಾತ್ರ ಉಳಿದುಹೋಗಿದೆ, ಅದನ್ನು ಗುರುವನನ್ನು ಕೇಳಲಾಗದು. ನಾನು ಹೊರಟ ಆ ಬೆಳಿಗ್ಗೆ ನೀವು ಎಸ್ಟೇಟಿನ ನಮ್ಮ ಲೈನ್‌ಮನೆಯ ಮೆಟ್ಟಿಲ ಮೇಲೆ ನನಗೆ ಬೆನ್ನು ಹಾಕಿ ಕೂತಿದ್ದಿರಿ. ಮಕ್ಕಳು ಆಗಲೇ ಗೇಟಿನ ಹತ್ತಿರ ಇದ್ದರು. ನಾನು ಚೀಲ ಹಿಡಿದುಕೊಂಡು ಹಿಂದಿನಿಂದ ಕೇಳಿದ್ದೆ, ಹೋಗಬೇಡ ಅನ್ನಿ, ಬೇಡ ಅಂದರೆ ಚೀಲ ಒಳಗಿಡುತ್ತೇನೆ ಅಂತ. ಎರಡು ಸಲ ಕೇಳಿದೆ. ನೀವು ತಿರುಗಲಿಲ್ಲ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಅವತ್ತು ನಿಮಗೆ ಕೇಳಿಸಿತ್ತಾ?