ಸರೇಸಿನ ನಾತದ ಸೂಪು

ಮನೆ, ಹಿಂಬಾಗಿಲ ಮೆಟ್ಟಿಲಿನಿಂದ
ಹದಿನಾಲ್ಕನೇ ತಾರೀಕು, ಗುರುವಾರ ಮಧ್ಯಾಹ್ನ

ಪ್ರೀತಿಯ ಚಿಣ್ಣೀ,

ಹೇಗಿದ್ದೀಯ ಮಗಳೇ? ಒಲೆಯ ಮುಂದೆ ನಿಂತೂ ನಿಂತೂ ಕಾಲು ಬಾತುಕೊಳ್ಳುತ್ತದೆ ಎಂದು ಬರೆದಿದ್ದೆಯಲ್ಲ, ಕಡಿಮೆಯಾಯಿತೇ? ಅಷ್ಟು ದೊಡ್ಡ ಹೋಟೆಲಿನ ಅಡುಗೆಮನೆಯಲ್ಲಿ ಕೂರಲು ಒಂದು ಸ್ಟೂಲೂ ಇಲ್ಲವೆಂದರೆ ಅದೆಂಥ ಹೋಟೆಲು. ನಾನು ಚೆನ್ನಾಗಿದ್ದೇನೆ, ಮೂಗೊಂದನ್ನು ಬಿಟ್ಟು. ಒಳಗೆ ಕೂತು ಬರೆಯಲಾರದೆ ಮೆಟ್ಟಿಲಿಗೆ ಬಂದಿದ್ದೇನೆ. ಕಾರಣ ನೀನೇ.

ಜ್ವರ ಬಿಟ್ಟು ಇಪ್ಪತ್ತು ದಿನವಾದರೂ ನಿನ್ನ ತಾತನಿಗೆ ಊಟ ಸೇರದೆ ಇದ್ದದ್ದು ನಿನಗೆ ಗೊತ್ತೇ ಇದೆ. ಏನು ಕೊಟ್ಟರೂ ಎರಡನೇ ಚಮಚಕ್ಕೆ ತುಟಿ ಮುಚ್ಚಿ ಗೋಡೆಯ ಕಡೆ ಹೊರಳಿಬಿಡುವರು. “ಮರದ ಹೊಟ್ಟು ತಿಂದ ಹಾಗಿದೆ ಕಣೇ. ಹೊಟ್ಟಿಗಾದರೂ ಒಂದು ವಾಸನೆ ಇರತ್ತೆ” ಎನ್ನುವರು. ಬಡಗಿಯ ಬಾಯಿ, ಬೈಯಲಿಕ್ಕೂ ಮರವೇ ಬೇಕು. ಸೋಮವಾರ ಡಾಕ್ಟರು ಬಂದು ತೋಳು ಹಿಡಿದು ನೋಡಿದರು. ಗುರುವಾರದೊಳಗೆ ಬಾಯಿಂದ ಏನೂ ಹೋಗದಿದ್ದರೆ ಆಸ್ಪತ್ರೆಗೆ ಸೇರಿಸಿ ಮೂಗಿಗೆ ನಳಿಗೆ ಹಾಕಬೇಕಾಗುತ್ತದೆ ಎಂದರು. ಅವರ ಮುಂದೆ ಧೈರ್ಯವಾಗಿ ತಲೆಯಾಡಿಸಿದೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಮಾರನೆಯ ದಿನ ನಿನ್ನ ಪಾರ್ಸೆಲ್ಲು ಬಂತು. ಇಟಲಿಯವರ ತರಕಾರಿ ಸೂಪು ಮಾಡುವ ಕ್ರಮ ಬರೆದ ಕಾಗದ, ಜೊತೆಗೆ ಎಣ್ಣೆಕಾಗದದಲ್ಲಿ ಸುತ್ತಿದ ಹಳದಿ ಬಣ್ಣದ ಗಟ್ಟಿ ಚೂರು. ಚಿಕ್ಕಂದಿನಿಂದಲೂ ಸೋಪಿನ ಚೂರನ್ನು ಎಸೆಯದವಳು ನೀನು. ಹೋಟೆಲಿನ ಸೋಪು ಉಳಿಸಿ ಕಳಿಸಿದ್ದಾಳೆ ಎಂದುಕೊಂಡೆ. ಎರಡು ಬಾಣಲೆ ಉಜ್ಜಿದೆ. ನೊರೆ ಬರಲಿಲ್ಲ, ಜಿಡ್ಡು ಇನ್ನಷ್ಟು ಅಂಟಿತು, ಕೈಯೆಲ್ಲ ಒದ್ದೆ ಕಾಲುಚೀಲದ ನಾತ. ಕಾಗದ ಮಗುಚಿದರೆ ಹಿಂದೆ ನಿನ್ನ ದುಂಡನೆಯ ಅಕ್ಷರ: ಅಜ್ಜಿ, ಇದು ಚೀಸಿನ ಸಿಪ್ಪೆ, ಸೂಪಿನಲ್ಲೇ ಬೇಯಿಸು, ರುಚಿಯೆಲ್ಲ ಇದರಲ್ಲೇ. ಥೂ! ಜನ ಬಿಸಾಡುವ ಸಿಪ್ಪೆಯನ್ನು ಅಂಚೆಯಲ್ಲಿ ಕಳಿಸುವ ಮೊಮ್ಮಗಳು ನನ್ನೊಬ್ಬಳಿಗೇ ಇರಬೇಕು.

ಆದರೂ ನಿನ್ನೆ ಮಾಡಿದೆ. ಕೈಯಲ್ಲಿದ್ದದ್ದು ಒಂದೇ ದಿನ. ಬೀನ್ಸ್ ಕಾಳು ನೆನೆಹಾಕಿದ್ದೆ. ಈರುಳ್ಳಿ, ಕ್ಯಾರೆಟ್ಟು, ನೀನು ಹೇಳಿದ ಆ ಸೆಲೆರಿ ದಂಟು ಎಣ್ಣೆಯಲ್ಲಿ ಬಾಡಿಸಿದೆ. ಟೊಮೇಟೊ, ಆಲೂಗಡ್ಡೆ, ಎಲೆಕೋಸು ಬಿದ್ದವು. ಅಲ್ಲಿಯತನಕ ಮನುಷ್ಯರ ಅಡುಗೆಯಂತೆಯೇ ಇತ್ತು. ಕೊನೆಗೆ ಕಣ್ಣು ಮುಚ್ಚಿಕೊಂಡು, ತೊಳೆದಿದ್ದ ಸಿಪ್ಪೆ ಹಾಕಿದೆ. ಅರ್ಧ ಗಂಟೆಗೆ ಅದು ಉಬ್ಬಿ, ಲೋಳೆಲೋಳೆಯಾಗಿ, ನೆನೆದ ಚಪ್ಪಲಿಯ ತುಂಡಿನಂತೆ ತೇಲತೊಡಗಿತು. ನಾತ ಮನೆ ತುಂಬಿತು. ಎಲ್ಲೋ ಗುರುತಿರುವ ನಾತ ಎನಿಸಿ ಯೋಚಿಸಿದರೆ, ಅಯ್ಯೋ, ಸರೇಸು! ಮರಕ್ಕೆ ಮರ ಅಂಟಿಸಲು ಚರ್ಮ, ಮೂಳೆ ಕುದಿಸಿ ಮಾಡುವ ಗೋಂದು. ಮದುವೆಯಾದ ಹೊಸತರಲ್ಲಿ ನಿನ್ನ ತಾತ ಅದನ್ನು ನನ್ನ ಒಲೆಯ ಮೇಲೆ ಕಾಯಿಸಲು ಇಟ್ಟಿದ್ದರು. ಡಬ್ಬಿ ಸಮೇತ ಬೀದಿಗೆ ಎಸೆದಿದ್ದೆ. ಅಂದಿನಿಂದ ಅದಕ್ಕೆ ಹಿಂದಿನ ಶೆಡ್ಡೇ ಗತಿ. ನಲವತ್ತಾರು ವರ್ಷ ಹೊಸ್ತಿಲು ದಾಟಗೊಡದ ನಾತವನ್ನು ಈಗ ನಾನೇ ಕೈಯಾರೆ ಕುದಿಸುತ್ತಿದ್ದೆ. ಎಲ್ಲವನ್ನೂ ಮೋರಿಗೆ ಸುರಿಯಲು ಇಕ್ಕಳ ಹಿಡಿದೇಬಿಟ್ಟೆ.

ಆಗ ಹಿಂದಿನಿಂದ ದನಿ ಬಂತು: “ಸರೇಸು ಯಾರು ಇಟ್ಟಿದ್ದು? ತಳ ಹಿಡೀತಿದೆ, ಕೈಯಾಡಿಸೇ ಪುಣ್ಯಾತಗಿತ್ತಿ.”

ಮೂರು ವಾರ ನನ್ನ ಹೆಗಲಿಲ್ಲದೆ ಮಂಚ ಇಳಿಯದವರು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಸ್ಟೂಲಿನ ಮೇಲೆ ಕೂರಿಸಿದೆ. ತಾವೇ ಸೌಟು ಎತ್ತಿಕೊಂಡು ಕೈಯಾಡಿಸಿದರು, ಎತ್ತಿ ಹನಿ ಬೀಳುವುದನ್ನು ನೋಡಿದರು, ನಾಲಿಗೆಗೆ ಹಚ್ಚಿಕೊಂಡರು. “ತೆಳ್ಳಗಿದೆ. ಮರ ಹಿಡಿಯಲ್ಲ” ಎಂದರು. ಸೂಪು ಎಂದು ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ. ಒಂದು ಹಿಡಿ ಕಾಳು ಮಸೆದು ಹಾಕಿದೆ, ಪಾಸ್ತಾ ಸುರಿದೆ, ಮಂದವಾಯಿತು. ಒಂದು ಬಟ್ಟಲು ಖಾಲಿ ಮಾಡಿದರು, ಚಿಣ್ಣೀ. ಮೂಗು ಮುಚ್ಚಿಕೊಂಡೇ ಇನ್ನೊಂದು ಸೌಟು ಬಡಿಸಿದೆ. ಕೊನೆಗೆ ಆ ಸಿಪ್ಪೆಯನ್ನೇ ಹೆಕ್ಕಿ ಕಚಕಚ ಅಗಿಯತೊಡಗಿದಾಗ ನೋಡಲಾರದೆ ಗೋಡೆಯ ಕಡೆ ತಿರುಗಿ ನಿಂತೆ.

ನಿನ್ನ ಸೂಪಿನ ಬಗ್ಗೆ ನನ್ನ ಅಭಿಪ್ರಾಯವೇನೂ ಬದಲಾಗಿಲ್ಲ. ನಾನೂ ಒಂದು ಚಮಚ ಬಾಯಿಗಿಟ್ಟೆ. ಹೊಸ ಕುರ್ಚಿಯ ಕಾಲು ನೆಕ್ಕಿದ ಹಾಗಿತ್ತು. ಪರದೆ, ದಿಂಬು, ನನ್ನ ತಲೆಕೂದಲು, ಎಲ್ಲಕ್ಕೂ ಅದೇ ಗಬ್ಬು.

ರಾತ್ರಿ ಕಾಲನ್ನು ಬಿಸಿನೀರಿನಲ್ಲಿ ಇಟ್ಟುಕೋ. ಚಾಕು ಹಿಡಿದಾಗ ಹರಟಬೇಡ. ನೀನು ಮುಟ್ಟಿದ್ದೆಲ್ಲ ರುಚಿಯಾಗಲಿ, ನೂರು ಕಾಲ ಸುಖವಾಗಿರು.

ನಿನ್ನ
ಅಜ್ಜಿ

ಮರೆತಿದ್ದೆ: ಬೆಳಿಗ್ಗೆ ಡಾಕ್ಟರು ಬಂದಿದ್ದರು. ಹೀಗೇ ತಿಂದರೆ ನಳಿಗೆ ಬೇಡವಂತೆ, ಸೋಮವಾರ ಮತ್ತೆ ನೋಡುತ್ತಾರಂತೆ. ಆದರೆ ಇವತ್ತು ಸಿಪ್ಪೆಯಿಲ್ಲದೆ ಮಾಡಿದ ಸೂಪನ್ನು ನಿನ್ನ ತಾತ ಮೂಸಿ ನೋಡಿ ಪಕ್ಕಕ್ಕೆ ತಳ್ಳಿದರು. ಈ ಕಾಗದ ಕೈಸೇರಿದ ತಕ್ಷಣ ನಾಲ್ಕಾದರೂ ಸಿಪ್ಪೆ ಕಳಿಸು. ಹೆಚ್ಚು ನಾತವಿರುವುದನ್ನೇ ಆರಿಸು.