ವೀಟೊ ಸಾರಾಯಿತು

ಲೂಯಿವಿಲ್, ಕೆಂಟಕಿ. ೧೦ ಏಪ್ರಿಲ್ ೧೮೬೬, ಮಂಗಳವಾರ

ಬೆರಳಿಗೆ ಇನ್ನೂ ಕೋಳಿಸಾರಿನ ವಾಸನೆ. ಹೊಟ್ಟೆ ಬಿರಿಯುವಷ್ಟು ತಿಂದಿದ್ದೇನೆ, ನಿದ್ದೆ ಮಾತ್ರ ಬರುತ್ತಿಲ್ಲ.

ಕರಿಯರಾದ ನಮಗೂ ಬಿಳಿಯರಷ್ಟೇ ಹಕ್ಕು ಕೊಡುವ ಕಾನೂನನ್ನು ಕಳೆದ ತಿಂಗಳು ಅಧ್ಯಕ್ಷರು ತಳ್ಳಿಹಾಕಿದಾಗ, ಅದಕ್ಕೆ ವೀಟೊ ಅನ್ನುತ್ತಾರೆಂದು ನಮ್ಮ ಓಣಿಯ ಕೆಜಾಯ ಅತ್ತೆಗೆ ನಾನೇ ಹೇಳಿದ್ದೆ. ಆವತ್ತೇ ಅವಳು ತನ್ನ ಹುಂಜಕ್ಕೆ ಆ ಹೆಸರಿಟ್ಟಳು. ಬಾಗಿಲಿಗೆ ಅಡ್ಡ ನಿಂತು ಬಂದವರನ್ನೆಲ್ಲ ಕುಕ್ಕುವ ಹುಂಜ ಅದು.

ಬೆಳಿಗ್ಗೆ ಪತ್ರಿಕೆ ಹಿಡಿದು ಅವಳ ಮನೆಗೆ ಓಡಿದೆ. "ಅತ್ತೆ, ವೀಟೊ ಬಿದ್ದೋಯ್ತು. ಕಾಂಗ್ರೆಸ್‌ನೋರು ಅದನ್ನ ಮೀರಿ ಕಾನೂನು ಪಾಸ್ ಮಾಡ್ಬಿಟ್ರು."

"ಹಾಗಾದ್ರೆ ಇದರ ಕಥೆನೂ ಮುಗೀತು," ಎಂದು ಚಾಕು ಎತ್ತಿಕೊಂಡಳು.

ಸಂಜೆ ಇಡೀ ಓಣಿ ಅವಳ ಅಂಗಳದಲ್ಲಿತ್ತು. "ಇದೂ ಅಧ್ಯಕ್ಷರ ಥರಾನೇ, ಎಷ್ಟು ಬೇಯ್ಸಿದ್ರೂ ಮೆತ್ತಗಾಗಲ್ಲ," ಎಂದ ನನ್ನ ಗಂಡ ಆನ್ಸೆಲ್.

"ಹಲ್ಲಿದ್ರೆ ತಿನ್ನು, ಇಲ್ದಿದ್ರೆ ಈ ಕಡೆ ಕೊಡು," ಎಂದಳು ಅತ್ತೆ.

ಕ್ರಚರ್ ಎಂಬ ಬಿಳಿಯ ಅವಳ ಹಂದಿಯನ್ನು ಹೊಡೆದುಕೊಂಡು ಹೋದಾಗ, ಬಿಳಿಯರ ಮೇಲೆ ಕರಿಯರ ಸಾಕ್ಷಿ ನಡೆಯುವುದಿಲ್ಲವೆಂದು ಕೋರ್ಟಿನಲ್ಲಿ ಅವಳನ್ನು ಹೊರಗಟ್ಟಿದ್ದರು. ಹೊಸ ಕಾನೂನು ಬಂದಮೇಲೆ ಇನ್ನು ಅದು ನಡೆಯಲೇಬೇಕು. "ಪ್ರಮಾಣ ಹೆಂಗೆ ಮಾಡ್ತಾರೆ, ತೋರ್ಸೇ," ಎಂದಳು. ನಾನು ಬಲಗೈ ಎತ್ತಿ ತೋರಿಸಿದೆ. ಅವಳೂ ಎತ್ತಿದಳು, ಹಿಡಿದಿದ್ದ ಕೋಳಿಕಾಲಿನ ಸಮೇತ. "ನಾನು ಹೇಳೋದೆಲ್ಲ ಸತ್ಯ."

ನಕ್ಕು ನಕ್ಕು ಸುಸ್ತಾದೆವು. ಅವಳು ಮಾತ್ರ ಕೈ ಇಳಿಸಲಿಲ್ಲ.

"ಕೈ ನೋಯಲ್ವಾ ಅತ್ತೆ?"

"ಇರಲಿ ಬಿಡೇ. ಇಷ್ಟು ವರ್ಷ ಇದನ್ನ ಎತ್ತಿದ್ದೆಲ್ಲ ಹೊಡೆತ ತಪ್ಪಿಸ್ಕೊಳ್ಳೋಕೆ."